ಟೈಮ್‌ಕೀಪರ್ ಅಣ್ಣನ ಸ್ವರ

ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬಿ.ಸಿ. ರೋಡಿನಿಂದ ಮಂಗಳೂರಿಗೆ ಹೊರಡುವ ಬಸ್ಸಿನಲ್ಲಿ ನನಗೆ ಒಂದು ವಾಸನೆಯ ಹೆದರಿಕೆ ಶುರುವಾದದ್ದು. ಮೊನ್ನೆ ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಸ್ಟೀಲ್ ಬಾಟಲಿಯ ಮುಚ್ಚಳ ತೆಗೆದರು. ಕಹಿಬೇವು, ಕಾಳುಮೆಣಸು, ಜೊತೆಗೆ ಹೆಸರು ತಿಳಿಯದ ಯಾವುದೋ ಬೇರು ಕುದಿಸಿದ ವಾಸನೆ. ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಅವರಿಗೆ ಬೇಸರವಾಯಿತೋ ಏನೋ... ಆ ವಾಸನೆಯನ್ನು ನಾನು ಹಿಂದೊಮ್ಮೆ ಒಬ್ಬರ ಉಸಿರಿನಲ್ಲಿ, ಗೇಣು ದೂರದಿಂದ, ಮಂಗಳೂರಿನವರೆಗೂ ಮೂಸುತ್ತ ಹೋಗಿದ್ದೆ.

ಆ ಉಸಿರಿನ ಅಣ್ಣ ಬಿ.ಸಿ. ರೋಡ್ ನಿಲ್ದಾಣದ ಖಾಸಗಿ ಬಸ್ಸುಗಳ ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಬರಬೇಕು, ಯಾವಾಗ ಹೊರಡಬೇಕು ಎಂದು ಕೂಗಿ ಕೂಗಿ ಓಡಿಸುವುದು ಅವರ ಕೆಲಸ. ನನ್ನ ಗಂಡ ದುಬೈಯಲ್ಲಿ. ನಾನು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು ಮಂಗಳೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಎದ್ದ ಮೇಲೆ ನನ್ನ ಕಿವಿಗೆ ಬೀಳುತ್ತಿದ್ದ ಮೊದಲ ಮನುಷ್ಯಸ್ವರ ಅವರದೇ.

“ಇದು ನಿನ್ನ ಮದುವೆಯ ದಿಬ್ಬಣವಾ? ಹಿಂದಿನ ಬಸ್ಸು ಬಂದು ನಿನ್ನ ಬೆನ್ನು ತುರಿಸ್ತಾ ಉಂಟು. ಹೊರಡು ಮಾರಾಯ” ಎಂದು ಡ್ರೈವರನನ್ನು ಬೈಯುವರು. ಡ್ರೈವರ್ ನಗುತ್ತ ಗೇರ್ ಹಾಕುವನು.

ಒಂದು ವರ್ಷ ಇದ್ದಕ್ಕಿದ್ದಂತೆ ಆ ಸ್ವರ ಒಡೆಯಿತು. ಡೀಸೆಲ್ ಹೊಗೆ, ಧೂಳು ಎಂದರು. ತಿಂಗಳುಗಳಾದರೂ ಸರಿಯಾಗದೆ ಮಂಗಳೂರಿಗೆ ಹೋಗಿ ತೋರಿಸಿದಾಗ ಡಾಕ್ಟ್ರು ಸ್ವರಪೆಟ್ಟಿಗೆಯಲ್ಲಿ ಕ್ಯಾನ್ಸರ್, ಇನ್ನೂ ಸಣ್ಣದು, ರೇಡಿಯೇಷನ್ ಕೊಟ್ಟರೆ ಸಾಕು ಎಂದರಂತೆ. ನಮ್ಮಲ್ಲಿ ಅದಕ್ಕೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಆ ಮಾತಿಗೇ ಅರ್ಧ ಜನ ಹೆದರುತ್ತಾರೆ.

ಅಷ್ಟರಲ್ಲಿ ಅಣ್ಣನ ಮೊಬೈಲಿಗೆ ಯಾರೋ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಕರೆಂಟ್ ಕೊಟ್ಟರೆ ಗಂಟಲು ಸುಟ್ಟು ಸ್ವರವೇ ಹೋಗುತ್ತದೆ, ನಾರಾವಿಯ ಕಡೆ ಒಬ್ಬರು ಕುದಿಸಿ ಕುಡಿಯುವ ಬೇರಿನ ಪುಡಿ ಕೊಡುತ್ತಾರೆ, ಹೋಗಿ ಎಂದು ಅದರಲ್ಲಿತ್ತು. ನನಗೂ ಕೇಳಿಸಿದರು.

“ಎಷ್ಟು ಸಮಾಧಾನದಲ್ಲಿ ಮಾತಾಡ್ತಾರೆ ನೋಡಿ ಟೀಚರ್. ಡಾಕ್ಟ್ರು ಕಂಪ್ಯೂಟರಿನ ಮುಖ ನೋಡಿಯೇ ಎಲ್ಲ ಹೇಳಿ ಮುಗಿಸಿದ್ರು.”

“ಸ್ವರ ಉಳಿಸ್ಲಿಕ್ಕೇ ಅಣ್ಣಾ ಆ ಚಿಕಿತ್ಸೆ. ಈಗಲೇ ಹೋದ್ರೆ ಉಳೀತದೆ.”

“ಸ್ವರ ಇಲ್ಲದ ಟೈಮ್‌ಕೀಪರನನ್ನು ಯಾರು ಇಟ್ಕೊಳ್ತಾರೆ? ಒಮ್ಮೆ ಪುಡಿ ನೋಡುವ.”

ಪುಡಿಗೆ ಪಥ್ಯವಿತ್ತು: ಮೀನು ಬೇಡ, ಖಾರ ಬೇಡ, ಗಟ್ಟಿಯಾಗಿ ಮಾತನಾಡಲೇಬಾರದು. ಅವರು ಕೂಗುವುದನ್ನು ಬಿಟ್ಟು ಕುತ್ತಿಗೆಗೆ ವಿಸಿಲ್ ಕಟ್ಟಿಕೊಂಡರು. ಕೆಲವು ವಾರಗಳಲ್ಲಿ ಸ್ವರ ನಿಜವಾಗಿಯೂ ಸ್ವಲ್ಪ ತಿಳಿಯಾಯಿತು! ವರ್ಷಗಟ್ಟಲೆ ಕೂಗಿದ ಗಂಟಲಿಗೆ ಸಿಕ್ಕಿದ ವಿಶ್ರಾಂತಿ ಅದು. ಹೆಸರು ಪುಡಿಗೆ ಬಂತು. “ಹೇಗೆ ಟೀಚರ್?” ಎಂದು ಕೇಳಿ ನಕ್ಕರು. ವಿಶ್ರಾಂತಿಯಿಂದ ಸ್ವರ ತಿಳಿಯಾದೀತು, ಗಡ್ಡೆ ಕರಗದು ಎಂದೆ. “ನಿಮಗೆ ಪುಸ್ತಕ ಗೊತ್ತುಂಟು. ನನಗೆ ನನ್ನ ಗಂಟಲು ಗೊತ್ತುಂಟು” ಎಂದರು. ಅವರ ಮುಖದಲ್ಲಿ ಅಂದಿದ್ದ ಸಂತೋಷ... ಅದನ್ನು ನೋಡಿ ನಾನೂ ನಕ್ಕು ಬಸ್ಸು ಹತ್ತಿದೆ.

ತಿಂಗಳುಗಳು ಕಳೆದು ಒಂದು ಬೆಳಿಗ್ಗೆ ಬಸ್ಸು ಹೊರಡುವಾಗ ಅವರು ಬಾಗಿಲಿನ ಕಂಬಿ ಹಿಡಿದು ತಾವೇ ಹತ್ತಿದರು. ಉಸಿರು ಒಳಗೆಳೆದಾಗಲೆಲ್ಲ ಹಸಿಮರಕ್ಕೆ ಗರಗಸ ಹಾಕಿದಂಥ ಸದ್ದು. ಕಂಡಕ್ಟರ್ ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿದ. ಡ್ರೈವರ್ ಕನ್ನಡಿಯಲ್ಲಿ ನೋಡಿದ, ಹೆಡ್‌ಲೈಟ್ ಹಾಕಿದ, ಹಾರ್ನಿನ ಮೇಲಿಟ್ಟ ಕೈಯನ್ನು ಮತ್ತೆ ತೆಗೆಯಲಿಲ್ಲ.

“ಬಸ್ಸು ಎಲ್ಲಿಯೂ ನಿಲ್ಲುವುದಿಲ್ಲ, ಸೀದಾ ಆಸ್ಪತ್ರೆಗೆ. ಯಾರಾದ್ರೂ ಇಳಿಯುವವರು ಇದ್ದೀರಾ?” ಕಂಡಕ್ಟರ್ ಕೇಳಿದ.

ಫರಂಗಿಪೇಟೆಯಲ್ಲಿ ಇಳಿಯಬೇಕಿದ್ದ, ಬಿಳಿ ಟೊಪ್ಪಿಯ ಬ್ಯಾರಿ ಅಜ್ಜ ಕೈ ಬೀಸಿದರು. “ನನ್ನ ಇಳಿಯುವುದು ಮತ್ತೆ ಆಗ್ತದೆ. ನೀನು ಬಿಡು ಮಾರಾಯ.”

ಫರಂಗಿಪೇಟೆಯಲ್ಲಿ ಕೈ ಅಡ್ಡ ಹಿಡಿದವರು ಧೂಳಿನೊಳಗೆ ಹಿಂದೆ ಸರಿದರು. ಕಂಡಕ್ಟರ್ ಫೋನ್ ಮಾಡಿದ್ದನೋ ಏನೋ, ಮುಂದಿನ ಬಸ್ಸುಗಳು ಒಂದೊಂದಾಗಿ ಎಡಕ್ಕೆ ಇಳಿದು ದಾರಿ ಬಿಟ್ಟವು. ಒಂದನ್ನೊಂದು ಹಿಂದಿಕ್ಕುವುದೇ ಬದುಕಾದ ಆ ಬಸ್ಸುಗಳು! ಅಣ್ಣ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು. ತುಟಿ ನೀಲಿಯಾಗಿತ್ತು. ಎರಡು ಉಸಿರುಗಳ ನಡುವೆ ಸದ್ದು ನಿಂತಾಗ ನನ್ನ ಉಸಿರೂ ನಿಲ್ಲುತ್ತಿತ್ತು... ಈಗಲೂ ಆ ನಡುವಿನ ಮೌನವೇ ನನ್ನನ್ನು ಹೆದರಿಸುವುದು.

ಆಸ್ಪತ್ರೆಯಲ್ಲಿ ಗಂಟಲಿಗೆ ತೂತು ಮಾಡಿ ಜೀವ ಉಳಿಸಿದರು. ಅಂದೇ ಮಾತು ಹೋಯಿತು. ಸಣ್ಣದಾಗಿದ್ದ ಗಡ್ಡೆ ಅಷ್ಟರಲ್ಲಿ ಕುತ್ತಿಗೆಯೆಲ್ಲ ಹಬ್ಬಿತ್ತು. ಯಾವುದಕ್ಕೆ ಹೆದರಿದ್ದರೋ ಆ ಕರೆಂಟನ್ನೂ ಕೊಟ್ಟರು; ಹೊತ್ತು ಮೀರಿತ್ತು. ಮುಂದಿನ ಮಳೆಗಾಲಕ್ಕೆ ಮೊದಲು ಅವರು ತೀರಿಕೊಂಡರು. ಹದಿಮೂರನೆಯ ದಿನದ ಬೊಜ್ಜದ ಊಟಕ್ಕೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, “ಕಡೆಗೆ ಮಾತಾಡ್ಲಿಕ್ಕೆ ಆಗದೆ ನನ್ನ ಮೇಲೆ ಸಿಟ್ಟು ಮಾಡ್ತಿದ್ರು ಟೀಚರ್. ಈಗ ಸಿಟ್ಟು ಮಾಡುವವರೂ ಇಲ್ಲ” ಎಂದರು.

ಆಮೇಲೆ ಬಹಳ ಕಾಲ ರಾತ್ರಿ ಆ ಗರಗಸದ ಸದ್ದು ನನ್ನನ್ನು ಎಬ್ಬಿಸುತ್ತಿತ್ತು. ಎದ್ದು ಕೂತು ಮುಂದಿನ ಉಸಿರಿಗೆ ಕಾಯುತ್ತಿದ್ದೆ. ಖಾಲಿ ಮನೆಯಲ್ಲಿ ಅದು ಯಾರ ಉಸಿರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಈ ಭಾನುವಾರ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಗಂಡನಿಗೆ ಹೇಳೋಣವೆಂದು ಫೋನ್ ಎತ್ತಿಕೊಂಡು, ಹಾಗೇ ಕೆಳಗಿಟ್ಟೆ. ಹಾಸಿಗೆಯಲ್ಲೇ ಕೂತು ಅಣ್ಣ ಡ್ರೈವರನನ್ನು ಬೈಯುತ್ತಿದ್ದ ಆ ಹಳೆಯ ಸ್ವರವನ್ನು ನೆನಪಿಸಿಕೊಳ್ಳಲು ನೋಡಿದೆ. ಮಾತುಗಳು ಬಂದವು. ಸ್ವರ ಬರಲಿಲ್ಲ.