ಪ್ರೇಮಲತಾಳ ಶನಿವಾರದ ಮಟನ್

ಹನುಮಂತನಗರದ ಪ್ರೇಮಲತಾಳ ಫೋನಿನಲ್ಲಿ ನೆಂಟರಿಗಿಂತ ಕುರಿಮಾಂಸದ ಫೋಟೋಗಳೇ ಹೆಚ್ಚು. ಲ್ಯಾಬಿನಲ್ಲಿ ಮಾಂಸದ ಪ್ರೋಟೀನುಗಳಿಗೆ ಬಣ್ಣ ಹಾಕಿ ನೀಲಿ ಗೆರೆಗಳಾಗಿ ಬೇರ್ಪಡಿಸಿ, ಯಾವ ಗೆರೆ ಮಸುಕಾದರೆ ಮಾಂಸ ಮೆತ್ತಗಾಗುತ್ತದೆಂದು ನೋಡುವುದು ಅವಳ ಕೆಲಸ. ಬೀಗರೂಟದಲ್ಲೂ ಕಣ್ಣುಮುಚ್ಚಿ ಅಗಿದು, "ಬೆಳಿಗ್ಗೆ ಕುಯ್ದಿದ್ದು, ಪ್ರೋಟೀನ್ ಇನ್ನೂ ಸಡಿಲ ಆಗಿಲ್ಲ, ಒಂದು ರಾತ್ರಿ ಫ್ರಿಜ್ಜಲ್ಲಿಟ್ಟಿದ್ರೆ ಮೆತ್ತಗಾಗ್ತಿತ್ತು" ಎಂದು ತೀರ್ಪು ಕೊಟ್ಟುಬಿಡುತ್ತಾಳೆ. ಬೀಗರು ಎಲೆ ನೋಡುತ್ತಾ ಕೂರುತ್ತಾರೆ. ಮನೆಯಲ್ಲಿ ಭಾನುವಾರದ ಮಟನ್ ಶನಿವಾರವೇ ಫ್ರಿಜ್ ಸೇರುತ್ತದೆ. "ಹನುಮಂತನ ವಾರ ಮಾಂಸ ತಂದು, ತಂಗಳು ಮಾಡಿ ಹಾಕ್ತಾಳೆ" ಎಂದು ಅತ್ತೆ ದ್ರೌಪದಮ್ಮ ಬೀದಿಗೆಲ್ಲ ಹೇಳಿಕೊಂಡು ಬರುತ್ತಾರೆ. ದವಡೆ ಹಲ್ಲು ಹೋದಮೇಲೆ "ನಂಗೆ ಸಾರೇ ಸಾಕು" ಎನ್ನುತ್ತಿದ್ದವರೂ ಅವರೇ. ಆಗಿನಿಂದಲೇ ಈ ಶನಿವಾರದ ಪದ್ಧತಿ. ಕಾರಣವನ್ನು ಪ್ರೇಮಲತಾ ಯಾರಿಗೂ ಹೇಳಿಲ್ಲ. ಬೈದು ಮುಗಿಸಿದ ಅತ್ತೆ ಈಗ ತಟ್ಟೆ ಮುಂದೆ ತಳ್ಳಿ, "ಇನ್ನೆರಡು ಪೀಸ್ ಹಾಕೇ" ಎನ್ನುತ್ತಾರೆ.