ತಂತಿ ಯಾವ ಕಡೆಗೆ

ಅವನನ್ನು ಊರೆಲ್ಲ ಅರ್ಧಮೊಳೆ ಎಂದು ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರೊಂದು ಇತ್ತು. ಆದರೆ ಅದನ್ನು ಕೂಗಿದರೆ ಅವನು ತಿರುಗಿ ನೋಡುತ್ತಿರಲಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಒಮ್ಮೆ ಮತಗಟ್ಟೆಯಲ್ಲಿ ಆ ಹೆಸರು ಕೂಗಿದಾಗ ಹಿಂದಿನವನನ್ನು ಮುಂದಕ್ಕೆ ತಳ್ಳಿ, "ಹೋಗಪ್ಪ, ನಿನ್ನನ್ನೇ ಕರೀತಿದಾರೆ" ಎಂದಿದ್ದ. ಈಗ ಅವನಿಲ್ಲ. ಅವನ ಬಗ್ಗೆ ಬರೆಯೋಣವೆಂದು ಕುಳಿತರೆ ಮೊದಲು ನಗು ಬರುತ್ತದೆ, ಉಳಿದದ್ದು ಆಮೇಲೆ. ಬಂದ ಹಾಗೇ ಬರೆಯುತ್ತೇನೆ.

ಬೇಲಿ ಹಾಕುವುದು ಅವನ ಕಸುಬು. ಮರದ ಕಂಬ ನೆಟ್ಟು, ಈ ತುದಿಯಿಂದ ಆ ತುದಿಗೆ ತಂತಿ ಎಳೆದು, ಎರಡು ಕಾಲಿನ ಬಗ್ಗಿದ ಮೊಳೆಯಿಂದ ತಂತಿಯನ್ನು ಕಂಬಕ್ಕೆ ಹಿಡಿಸುವುದು. ಆ ಮೊಳೆಯನ್ನು ಅವನು ಎಂದೂ ಪೂರ್ತಿ ಹೊಡೆಯುತ್ತಿರಲಿಲ್ಲ. ಅದರ ಕಮಾನಿನೊಳಗೆ ತಂತಿ ಆಚೀಚೆ ಸರಿಯುವಷ್ಟು ಸಂದು ಬಿಟ್ಟು ಸುತ್ತಿಗೆ ಕೆಳಗಿಡುತ್ತಿದ್ದ. ಹೊಸ ಗಿರಾಕಿಗಳಿಗೆ ಇದು ಕಣ್ಣು ಚುಚ್ಚುತ್ತಿತ್ತು.

"ಏನಯ್ಯಾ, ಮೊಳೆ ಅರ್ಧಕ್ಕೇ ಬಿಟ್ಟಿದ್ದೀಯ?"

"ಪೂರ್ತಿ ಹೊಡೆದ್ರೆ ತಂತಿಗೆ ಉಸಿರು ಕಟ್ಟುತ್ತೆ ಸ್ವಾಮಿ."

"ತಂತಿಗೇನು ಮೂಗಿದೆಯಾ?"

"ಇಲ್ಲ. ಅದಕ್ಕೇ ಪಾಪ ಹೇಳ್ಕೊಳ್ಳೋಕೂ ಆಗಲ್ಲ."

ಅವನ ಮಾತಿನಲ್ಲಿ ಅರ್ಥವಿತ್ತು. ಬಿಸಿಲಿಗೆ ತಂತಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ದನವೊಂದು ಒರಗಿದರೆ, ಸಡಿಲ ಮೊಳೆಯೊಳಗೆ ತಂತಿ ಸರಿದು ಆ ಭಾರವನ್ನು ಉದ್ದಕ್ಕೂ ಹಂಚಿಕೊಳ್ಳುತ್ತದೆ. ಪೂರ್ತಿ ಹೊಡೆದ ಮೊಳೆ ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಕಚ್ಚಿದ ಕಡೆಯೇ ಅದು ತುಂಡಾಗುತ್ತದೆ. ಅವನ ಬೇಲಿಗಳು ವರ್ಷಾನುಗಟ್ಟಲೆ ನಿಂತವು. ಹೆಸರು ಮಾತ್ರ ಅರ್ಧಮೊಳೆ ಎಂದೇ ಉಳಿಯಿತು.

ಮೊಳೆ, ತಂತಿ, ಇಕ್ಕಳ ಮಾರುವ ಅಂಗಡಿ ನನ್ನದು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಮೊಳೆ ಕೊಳ್ಳಲು ಬಂದವನು ಸಿಮೆಂಟ್ ಚೀಲದ ಮೇಲೆ ಕೂತು, ಗಲ್ಲಾದ ಹಿಂದೆ ನಾನು ಓದುತ್ತಿದ್ದ ಪುಸ್ತಕದ ಕಥೆ ಹೇಳಿಸಿಕೊಳ್ಳುತ್ತಿದ್ದ. ಮನೆತನಗಳು ಮುರಿದು, ಪ್ರೇಮಿಗಳು ಬೇರೆಯಾಗಿ, ನಾನು ಗಂಟಲು ಸರಿಮಾಡಿಕೊಂಡು ಕಥೆ ಮುಗಿಸಿದರೆ ಅವನದು ಒಂದೇ ಪ್ರಶ್ನೆ. "ಅವರ ಮನೆಗೆ ಬೇಲಿ ಇತ್ತಾ?" ಲೋಕದ ದೊಡ್ಡ ದೊಡ್ಡ ದುರಂತ ಕಾದಂಬರಿಗಳೆಲ್ಲ ಅವನ ದೃಷ್ಟಿಯಲ್ಲಿ, ಹೊತ್ತಿಗೆ ಸರಿಯಾಗಿ ಒಂದು ಬೇಲಿ ಹಾಕಿಸಿದ್ದರೆ ನಡೆಯದೇ ಹೋಗುತ್ತಿದ್ದ ಘಟನೆಗಳು.

ಮೊಳೆಯ ವಿಷಯ ಬಿಟ್ಟರೆ ಅವನಿಗೆ ಇನ್ನೊಂದು ಹಟವಿತ್ತು. ತಂತಿ ಯಾವಾಗಲೂ ಪಶು ಇರುವ ಕಡೆಗೆ ಬರಬೇಕು. ಆಗ ಪಶು ತಳ್ಳಿದರೆ ತಂತಿ ಹೋಗಿ ಕಂಬಕ್ಕೆ ಒತ್ತಿಕೊಳ್ಳುತ್ತದೆ. ತಂತಿ ಆಚೆ ಕಡೆಗಿದ್ದರೆ ಆ ತಳ್ಳಾಟವೆಲ್ಲ ಮೊಳೆಯ ಮೇಲೆ ಬಿದ್ದು ಅದು ಕಿತ್ತುಕೊಂಡು ಬರುತ್ತದೆ. "ತಂತಿ ತಳ್ಳೋರ ಕಡೆಗೆ" ಎನ್ನುತ್ತಿದ್ದ. ಹಾಕಿದ ಬೇಲಿಯನ್ನು ಪರೀಕ್ಷಿಸಲು ಒಂದು ಮೇಕೆ ಸಾಕಿದ್ದ. ಅದರ ಹೆಸರು ಮೇಡಂ. ಕೆಲಸ ಮುಗಿದ ಮೇಲೆ ಮೇಡಂ ಒಳಗೆ, ಒಂದು ಕಟ್ಟು ಹಸಿರು ಸೊಪ್ಪು ಹೊರಗೆ. ಮೇಡಂ ಭುಜ ಕೊಟ್ಟು ಒರಗಿ, ಕತ್ತು ತೂರಿಸಿ, ಮಂಡಿಯೂರಿ ಕೆಳಗಿನಿಂದ ನುಸುಳಲು ನೋಡಿ, ಕೊನೆಗೆ ಬೇಸತ್ತು ಮಲಗಿದರೆ, ಗಿರಾಕಿಯ ಕಡೆ ತಿರುಗಿ, "ಮೇಡಂ ಪಾಸ್ ಮಾಡಿದ್ರು" ಎನ್ನುತ್ತಿದ್ದ. ಮೇಡಂ ಕೆಲವರ ಬೇಲಿಯನ್ನು ಫೇಲ್ ಮಾಡಿದ್ದೂ ಉಂಟು. ಆಗ ಅವನು ಮರುಮಾತಿಲ್ಲದೆ ಬಿಚ್ಚಿ ಮತ್ತೆ ಹೊಡೆಯುತ್ತಿದ್ದ.

ಅವನು ಮದುವೆಯಾಗಲಿಲ್ಲ. ಅಣ್ಣನ ಮನೆಯ ಹಿತ್ತಲಿನ ಕೋಣೆಯಲ್ಲಿ ಇದ್ದ. ಅಣ್ಣ ಟೈಲರ್, ನಮಗೆಲ್ಲ ಟೈಲರಣ್ಣ. ಅಪ್ಪ ಬೇಗ ಹೋಗಿದ್ದರಿಂದ ತಮ್ಮನನ್ನು ಬೆಳೆಸಿದವನು ಅವನೇ. ಹೊಲಿಗೆ ಯಂತ್ರ ನಿಂತರೂ ಟೈಲರಣ್ಣನ ಬಾಯಿ ನಿಲ್ಲುತ್ತಿರಲಿಲ್ಲ. ಹಲ್ಲಿನ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದ. ಪ್ರತಿ ಸಂಜೆ ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ತಟ್ಟೆ ಇಟ್ಟರೆ, ತಮ್ಮ ಉಣ್ಣುವುದು, ಅಣ್ಣ ಮಾತಾಡುವುದು. ಯಾರ ಹೊಟ್ಟೆ ಮುಂದೆ ಬಂತು, ಯಾರ ಭುಜ ಇಳಿಯಿತು, ಯಾರು ಸೊಂಟದ ಅಳತೆ ಕೊಡುವಾಗ ಉಸಿರು ಬಿಗಿಹಿಡಿದರು. ಅರ್ಧಮೊಳೆಗೆ ಅಳತೆ ಗೊತ್ತಿಲ್ಲದ ಮನುಷ್ಯ ಊರಲ್ಲಿ ಒಬ್ಬನೂ ಇರಲಿಲ್ಲ. ಆ ಮಾತೇ ಅವನಿಗೆ ಪಲ್ಯ, ಅದೇ ಉಪ್ಪಿನಕಾಯಿ.

ಹೀಗಿರುವಾಗ ಮೇಡಂ ಹೆಡ್‌ಮಾಸ್ಟರ ಪ್ಯಾಂಟು ತಿಂದಳು.

ಅವರ ನಿವೃತ್ತಿ ಸಮಾರಂಭಕ್ಕೆಂದು ಹೊಲಿದ ಪ್ಯಾಂಟು. ಇಸ್ತ್ರಿ ಮಾಡಿ ಹಿತ್ತಲ ಬಾಗಿಲಿಗೆ ತೂಗುಹಾಕಿತ್ತು. ಮೇಡಂ ಎಡಗಾಲನ್ನು ಮಂಡಿಯವರೆಗೆ ಮುಗಿಸಿದ್ದಳು. ಸಮಾರಂಭ ಅದೇ ಮಧ್ಯಾಹ್ನ. ಬೇರೆ ಬಟ್ಟೆ ಇರಲಿಲ್ಲ. ಟೈಲರಣ್ಣ ಮಂಡಿಯಿಂದ ಕೆಳಗೆ ಸಿಕ್ಕಿದ ಬಣ್ಣದ ತುಂಡು ಜೋಡಿಸಿಕೊಟ್ಟ. ಹೆಡ್‌ಮಾಸ್ಟರು ಸಮಾರಂಭ ಪೂರ್ತಿ ಮೇಜಿನ ಹಿಂದೆಯೇ ನಿಂತರು. ಹಾರ ಹಾಕಲು ಬಂದವರು ಮೇಜಿನ ಮೇಲೆ ಬಗ್ಗಿ ಹಾಕಬೇಕಾಯಿತು. ಕೊನೆಗೆ ಅವರು ಭಾವುಕರಾಗಿ ಮುಂದೆ ಬಂದು ಎರಡೂ ಕೈ ಜೋಡಿಸಿದಾಗ ಹಿಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದ್ದು ಭಾಷಣಕ್ಕಲ್ಲ.

ಅಂದಿನಿಂದ ಟೈಲರಣ್ಣ ತಮ್ಮನೊಂದಿಗೆ ಮಾತು ಬಿಟ್ಟ. ಸಂಜೆ ತಟ್ಟೆ ಬರುತ್ತಿತ್ತು, ಅಣ್ಣ ಬರುತ್ತಿರಲಿಲ್ಲ. ಅರ್ಧಮೊಳೆ ಅಂಗಡಿಗೆ ಬಂದು ಸಿಮೆಂಟ್ ಚೀಲದ ಮೇಲೆ ಕೂತು, "ಅನ್ನ ಇಳೀತಾ ಇಲ್ಲ ಕಣೋ" ಎಂದ.

"ಅತ್ತಿಗೆ ಸಾರು ಸರಿಯಾಗಿ ಮಾಡ್ತಿಲ್ವಾ?"

"ಸಾರು ಚೆನ್ನಾಗಿದೆ. ಕಿವಿಗೆ ಊಟ ಇಲ್ಲ."

ನಾನು ನಕ್ಕೆ. ಅವನು ನಗಲಿಲ್ಲ. ಮೊಳೆಯ ಡಬ್ಬಕ್ಕೆ ಕೈ ಹಾಕಿ ಸುಮ್ಮನೆ ಮೊಳೆ ಎತ್ತಿ ಬಿಡುತ್ತ ಕೂತಿದ್ದ. ಅವನು ಬಡಕಲಾಗುತ್ತಿದ್ದದ್ದು ಆಗ ನನ್ನ ಕಣ್ಣಿಗೆ ಬಿತ್ತು.

ಆಮೇಲೆ ಟೈಲರಣ್ಣನೇ ನನ್ನ ಅಂಗಡಿಗೆ ಬಂದ. "ಹಿತ್ತಲಿಗೂ ನನ್ನ ಬಾಗಿಲಿಗೂ ಮಧ್ಯ ಬೇಲಿ ಬೇಕು ಅಂತ ಹೇಳು ಅವನಿಗೆ. ಊರಿನ ಹಿತ್ತಲೆಲ್ಲ ಭದ್ರ ಮಾಡೋನಿಗೆ ಮನೆ ಮೇಕೆ ಕಾಣಲ್ವಂತಾ?"

"ನೀನೇ ಹೇಳಬಹುದಲ್ಲಣ್ಣ, ನಿನ್ನ ಮನೆ ಗೋಡೆ ಆಚೇನೇ ಇದಾನೆ."

"ಮಾತಿಲ್ಲ ಅಂದ್ಮೇಲೆ ಮಾತಿಲ್ಲ."

ಹಾಗಾಗಿ ಬೇಲಿಯ ದಿನ ನಾನು ಅಂಗಡಿ ಮುಚ್ಚಿ ದೂತನಾಗಿ ಹೋದೆ. ಕಂಬಗಳು ಆಗಲೇ ನಿಂತಿದ್ದವು. ಅರ್ಧಮೊಳೆ ತಂತಿಯ ಸುರುಳಿ ಬಿಚ್ಚಿ ತನ್ನ ಕೋಣೆಯ ಕಡೆಯಿಂದ ಕಂಬಕ್ಕೆ ಇಟ್ಟು, ಮೊದಲ ಮೊಳೆಗೆ ಸುತ್ತಿಗೆ ಎತ್ತಿದ್ದ. ಟೈಲರಣ್ಣ ಇತ್ತ ಕಡೆ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದ. ಇಬ್ಬರ ನಡುವೆ ಒಂದು ಕಂಬ, ಅದರ ಪಕ್ಕ ನಾನು.

"ತಂತಿ ನನ್ನ ಕಡೆ ಬರಬೇಕು ಅಂತ ಹೇಳು ಅವನಿಗೆ" ಎಂದ ಟೈಲರಣ್ಣ. "ಹೇಳಿ ಮಾಡಿಸ್ತಿರೋನು ನಾನು. ಮೇಲ್ಮೈ ನನಗೆ ಕಾಣಬೇಕು. ಒಳಮೈ ನೋಡ್ತಾ ಕೂರೋಕೆ ನಾನೇನು ಷರಟು ತಿರುವಿ ಹಾಕ್ಕೊಳ್ಳೋನಾ?"

"ಬೇಲಿಗೆ ಮೇಲ್ಮೈ ಒಳಮೈ ಇಲ್ಲ ಅಂತ ಹೇಳು" ಎಂದ ಅರ್ಧಮೊಳೆ. "ತಳ್ಳೋರ ಕಡೆ, ತಳ್ಳದೇ ಇರೋರ ಕಡೆ, ಅಷ್ಟೇ. ತಂತಿ ತಳ್ಳೋರ ಕಡೆಗೆ."

"ನನ್ನ ಕಡೆಗೆ ಹಾಕಿದ್ರೆ ಏನಾಗುತ್ತಂತೆ?"

"ಮೇಕೆ ಅಣ್ಣನೇ ಅಂತಾಗುತ್ತೆ ಅಂತ ಹೇಳು."

ಇದನ್ನು ನಾನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಬೀಳಲಿಲ್ಲ. ಟೈಲರಣ್ಣನ ಕಿವಿ ಕೆಂಪಾಯಿತು. ಒಳಗಿನಿಂದ ಅತ್ತಿಗೆ, "ಯಾವ ಕಡೆ ಹಾಕಿದ್ರೂ ಎರಡೂ ಕಡೆ ಮೇಕೆಗಳೇ ಇರೋದು" ಎಂದರು. ಅದನ್ನು ಇಬ್ಬರೂ ಕೇಳದವರಂತೆ ಇದ್ದರು.

"ಮೇಲ್ಮೈ ನನ್ನ ಕಡೆ ಬಂದ್ರೆ ಸರಿ" ಎಂದ ಟೈಲರಣ್ಣ, ಈ ಸಲ ನನ್ನನ್ನೂ ನೋಡದೆ ಕಂಬವನ್ನು ನೋಡುತ್ತ. "ಇಲ್ಲಾಂದ್ರೆ ಈ ಜನ್ಮದಲ್ಲಿ ಮಾತಿಲ್ಲ ಅಂತ ಹೇಳು."

ಅರ್ಧಮೊಳೆ ಎತ್ತಿದ ಸುತ್ತಿಗೆ ಇಳಿಸಿದ. ಹಣವಂತರು, ಅಧಿಕಾರಿಗಳು, ಕಂಡವರೆಲ್ಲ ಅಂದಕ್ಕಾಗಿ ತಂತಿಯನ್ನು ರಸ್ತೆ ಕಡೆಗೆ ಹಾಕು ಎಂದಾಗ, ಚೀಲ ಹೆಗಲಿಗೇರಿಸಿ ಎದ್ದು ಹೋಗುತ್ತಿದ್ದವನು ಅವನು. ಈಗ ತಂತಿಯನ್ನು ಕಂಬದಿಂದ ತೆಗೆದ, ಕಂಬ ಸುತ್ತಿ ಅಣ್ಣನ ಕಡೆಗೆ ಬಂದ, "ಆಯ್ತು ಅಂತ ಹೇಳು" ಎಂದು ಮೊಳೆ ಹೊಡೆಯತೊಡಗಿದ.

ನಾನು ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ. "ಲೋ, ಈ ಕಡೆ ಹಾಕ್ತಿರೋವಾಗ ಮೊಳೆನಾದ್ರೂ ಪೂರ್ತಿ ಹೊಡಿಯೋ. ಮೇಡಂ ಒಂದು ಸಲ ಒರಗಿದ್ರೆ ಎಲ್ಲ ಎದ್ದು ಬರುತ್ತೆ."

"ಉಸಿರು ಕಟ್ಟುತ್ತೆ ಕಣೋ."

"ಯಾರಿಗೆ?"

ಅವನು ತಲೆ ಎತ್ತಲಿಲ್ಲ. ಮೂರು ಮೊಳೆ ಆದ ಮೇಲೆ, "ತಂತಿಗೆ" ಎಂದ.

ಕೆಲಸ ಮುಗಿಯಿತು. ಟೈಲರಣ್ಣ ಹೊಸ ಕೋಟಿನ ಬೆನ್ನು ಸವರುವಂತೆ ಅಂಗೈಯಿಂದ ತಂತಿ ಸವರಿದ. ಒಂದು ಕಣ್ಣು ಮುಚ್ಚಿ ಸಾಲು ನೇರವಿದೆಯೇ ನೋಡಿದ. ಅರ್ಧಮೊಳೆ ಕೈ ಒರೆಸಿಕೊಂಡು ಕಾಯುತ್ತ ನಿಂತಿದ್ದ. ಟೈಲರಣ್ಣ ನನ್ನ ಕಡೆ ತಿರುಗಿ, "ಪರವಾಗಿಲ್ಲ ಅಂತ ಹೇಳು" ಎಂದು ಒಳಗೆ ಹೋದ. ಅರ್ಧಮೊಳೆ ತನ್ನ ಹಟವನ್ನೂ ಬಿಟ್ಟಾಗಿತ್ತು, ಅಣ್ಣನ ಮಾತೂ ಬರಲಿಲ್ಲ. ಆ ಸಂಜೆ ತಟ್ಟೆಯನ್ನು ಅತ್ತಿಗೆ ಬೇಲಿಯ ಮೇಲಿಂದ ದಾಟಿಸಿದರು. ಅವನು ಅನ್ನ ಕಲಸಿ ಕಲಸಿ ಹಾಗೇ ವಾಪಸು ಕೊಟ್ಟ.

ಮರುದಿನ ಬೆಳಗ್ಗೆ ಮೇಡಂ ಪರಿಶೀಲನೆಗೆ ಹೊರಟಳು. ಯಾರೂ ಕಳಿಸಲಿಲ್ಲ. ಅವಳ ಉದ್ಯೋಗವೇ ಅದು. ಮಧ್ಯದ ಕಂಬದ ಹತ್ತಿರ ಭುಜ ಕೊಟ್ಟು ಒರಗಿದಳು. ಟಕ್ ಎಂದು ಒಂದು ಮೊಳೆ ಹಾರಿತು. ಮೇಡಂ ಬಹುಶಃ ತಾನೇ ಆಶ್ಚರ್ಯಪಟ್ಟಿರಬೇಕು, ಯಾಕೆಂದರೆ ಇವನ ಬೇಲಿಯಲ್ಲಿ ಅವಳಿಗೆ ಇಷ್ಟು ಸುಲಭದ ಗೆಲುವು ಸಿಕ್ಕಿರಲಿಲ್ಲ. ಇನ್ನೊಮ್ಮೆ ಒರಗಿದಳು. ಟಕ್, ಟಕ್. ತಂತಿ ಸೊಂಟ ಮುರಿದುಕೊಂಡಂತೆ ಕೆಳಗೆ ಬಿತ್ತು.

ಟೈಲರಣ್ಣ ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಸೂಜಿಗೆ ದಾರ ಪೋಣಿಸುತ್ತಿದ್ದ. ಕೊರಳ ಟೇಪಿನ ಒಂದು ತುದಿ ಬೆನ್ನ ಮೇಲೆ ಇಳಿಬಿದ್ದಿತ್ತು. ಯಾರೋ ಅದನ್ನು ಮೆಲ್ಲಗೆ ಎಳೆದ ಹಾಗಾಯಿತು.

"ಇರೇ, ಬರ್ತೀನಿ" ಎಂದ, ಹೆಂಡತಿಯೆಂದು ತಿಳಿದು.

ಮತ್ತೆ ಎಳೆಯಿತು.

"ಬರ್ತೀನಿ ಅಂದೆನಲ್ಲ. ಈ ವಯಸ್ಸಲ್ಲಿ ಏನು ನಿಂದು" ಎಂದು ನಾಚಿಕೊಂಡು ತಿರುಗಿದರೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಮೇಡಂ, ನಿಧಾನವಾಗಿ ಅಗಿಯುತ್ತ.

"ತಮ್ಮಾ, ಲೋ ತಮ್ಮಾ, ಬಾರೋ ಬೇಗ, ಇವಳು ನನ್ನ ಟೇಪು ನುಂಗ್ತಾ ಇದಾಳೆ."

ಆ ಕೂಗು ನನ್ನ ಅಂಗಡಿಗೂ ಕೇಳಿತು. ನಾನು ಓಡಿಹೋಗುವಷ್ಟರಲ್ಲಿ ಅರ್ಧಮೊಳೆ ಮೇಡಂನ ಕೊರಳು ತಬ್ಬಿಕೊಂಡು ಕೂತಿದ್ದ. ಟೈಲರಣ್ಣ ಟೇಪಿನ ಈ ತುದಿ ಹಿಡಿದಿದ್ದ.

"ಎಳೀಬೇಡ ಅಣ್ಣ, ಹರಿದುಹೋಗುತ್ತೆ. ಎಷ್ಟು ಒಳಗೆ ಹೋಗಿದೆ ನೋಡು."

ಟೈಲರಣ್ಣ ಕನ್ನಡಕ ಮೇಲೇರಿಸಿ ಮೇಕೆಯ ತುಟಿಯ ಬಳಿ ಅಂಕಿ ಓದಿದ. "ಇಪ್ಪತ್ತೆರಡು ಇಂಚು. ತೋಳು ಹೋಯ್ತು. ಸೊಂಟ ಇನ್ನೂ ಹೊರಗಿದೆ."

"ಸೊಂಟ ಬಿಡಬೇಡ, ಗಟ್ಟಿಯಾಗಿ ಹಿಡ್ಕೋ."

ಇಂಚಿಂಚಾಗಿ ಟೇಪು ಹೊರಗೆ ಬಂತು. ಮೊದಲ ಆರು ಇಂಚು ಸಿಗಲೇ ಇಲ್ಲ. ಟೈಲರಣ್ಣ ಆಮೇಲೆ ಹೊಸ ಟೇಪು ತರುವವರೆಗೆ ಎಲ್ಲ ಅಳತೆಗೂ ಆರು ಕಳೆದು ಬರೆದುಕೊಳ್ಳುತ್ತಿದ್ದ. ಒಂದೆರಡು ಸಲ ಮರೆತ. ಆ ಷರಟುಗಳನ್ನು ಈಗಲೂ ಊರಲ್ಲಿ ಗುರುತು ಹಿಡಿಯಬಹುದು.

ಅರ್ಧಮೊಳೆ ನೆಲದ ಮೇಲೇ ಕೂತು ಮುಖ ಒರೆಸಿಕೊಂಡ. "ಅಣ್ಣ, ನನ್ನ ಜೊತೆ ಮಾತಾಡಿದೆ ನೀನು."

"ಎಲ್ಲಿ ಮಾತಾಡಿದೆ? ಕೂಗಿದೆ, ಅಷ್ಟೇ."

"ತಮ್ಮಾ ಅಂದೆ."

"ಮತ್ತೇನು ಹೆಡ್‌ಮಾಸ್ಟ್ರೇ ಅನ್ನಲಾ? ಮೊಳೆ ಬೇಕಂತಲೇ ಸಡಿಲ ಬಿಟ್ಟೆ ತಾನೇ?"

"ನಾನು ಯಾವತ್ತಣ್ಣ ಪೂರ್ತಿ ಹೊಡೆದಿದೀನಿ?"

ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದರು. "ಸದ್ಯ, ಬಾಯಿ ತೆರೀತು. ಇನ್ನು ಮುಚ್ಚಿಸೋದು ಹೇಗೆ ಅಂತ ನೋಡ್ಕೊಳ್ಳಿ" ಎಂದು ಚಹಾ ಇಡಲು ಹೋದರು.

ಬೇಕೆಂದೇ ಮಾಡಿದೆಯಾ ಎಂದು ನಾನೂ ಅವನನ್ನು ಒಮ್ಮೆ ಕೇಳಿದ್ದೆ. ಅವನು, "ಅದಿರಲಿ, ನಿನ್ನ ಪುಸ್ತಕದ ಆ ವಿಧವೆಗೆ ಕೊನೆಗೆ ಏನಾಯ್ತು?" ಎಂದ. ತಂತಿಯನ್ನು ಮತ್ತೆ ಮೇಡಂನ ಕಡೆಗೇ ತಿರುಗಿಸಿ ಹಾಕಿದರು. ಸೋತೆನೆಂದು ಹೇಳಿಕೊಳ್ಳಲು ಟೈಲರಣ್ಣನಿಗೆ ಮನಸ್ಸಿರಲಿಲ್ಲ. ಬಂದವರಿಗೆಲ್ಲ, "ನನ್ನ ಕಡೆಗಿರೋದು ಲೈನಿಂಗ್. ಒಳ್ಳೆ ಕೋಟು ನೋಡಬೇಕಾದ್ದು ಒಳಗಿನಿಂದ" ಎಂದು ವಿವರಿಸುತ್ತಿದ್ದ. ಸಂಜೆಯ ಮೆಟ್ಟಿಲಿಗೆ ಅವನು ಮತ್ತೆ ಬಂದು ಕೂತ. ಅರ್ಧಮೊಳೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳತೊಡಗಿದ.

ಹೀಗೇ ಬಹಳ ವರ್ಷ ನಡೆಯಿತು. ಕಳೆದ ತಿಂಗಳು ಅರ್ಧಮೊಳೆಯನ್ನು ಆಸ್ಪತ್ರೆಗೆ ಸೇರಿಸಿದಾಗ ವೈದ್ಯರು, ನೋಡುವವರೆಲ್ಲ ಬಂದು ನೋಡಲಿ ಎಂದರು. ನಾನು ಹೋದ ಮಧ್ಯಾಹ್ನ ಟೈಲರಣ್ಣ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ತಮ್ಮನಿಗೆ ತೊಡಿಸಿದ್ದ ಆಸ್ಪತ್ರೆಯ ಅಂಗಿಯನ್ನು ಬೈಯುತ್ತಿದ್ದ.

"ಇದನ್ನ ಹೊಲಿದೋನು ಯಾರೋ ಕಾಣೆ. ಬೆನ್ನಿಗೆ ಬಟ್ಟೆನೇ ಇಟ್ಟಿಲ್ಲ. ಕಾಜಾ ಇಲ್ಲ, ಗುಂಡಿ ಇಲ್ಲ. ಎರಡು ಲಾಡಿ ಇಳಿಬಿಟ್ಟು ಕೈ ತೊಳ್ಕೊಂಡಿದಾನೆ. ಮುಂದೆ ಮರ್ಯಾದಸ್ಥ, ಹಿಂದೆ ಬೀದಿಪಾಲು."

ನರ್ಸ್ ಬಂದರು. "ತಾತ, ಸ್ವಲ್ಪ ಹೊತ್ತು ಸುಮ್ಮನಿರಿ. ಅವರು ಮಲಗಬೇಕು."

ಅರ್ಧಮೊಳೆ ಬೆಳಗಿನಿಂದ ಬಾಯಿ ಬಿಟ್ಟಿರಲಿಲ್ಲವಂತೆ. ಕಣ್ಣು ಮುಚ್ಚಿಕೊಂಡೇ, "ಬೇಕಾದ್ರೆ ನೀವು ಹೋಗಿ ಮಲ್ಕೊಳ್ಳಿ ಸಿಸ್ಟರ್. ಅಣ್ಣ ಮಾತಾಡ್ಲಿ" ಎಂದ.

ನರ್ಸ್ ನನ್ನ ಮುಖ ನೋಡಿ, ನಕ್ಕು, ಹೋದರು. ಟೈಲರಣ್ಣ ಅಂಗಿ ಮುಗಿಸಿ ಹೊದಿಕೆಗೆ ಬಂದ. ಅದರ ಅಂಚಿನ ಹೊಲಿಗೆ ಸೊಟ್ಟ, ದಾರದ ಬಣ್ಣ ಬೇರೆ. ಆಮೇಲೆ ದಿಂಬಿನ ಚೀಲ. ಕಿಟಕಿಯ ಪರದೆಗೆ ಬರುವ ಹೊತ್ತಿಗೆ ಅರ್ಧಮೊಳೆ ಕೇಳುವುದನ್ನು ನಿಲ್ಲಿಸಿದ್ದ. ಹೊದಿಕೆ ಏರಿಳಿಯುವುದು ನಿಂತದ್ದು ನನಗೆ ಕಂಡಿತು, ಪರದೆಯ ಕಡೆ ಮುಖ ಮಾಡಿದ್ದ ಟೈಲರಣ್ಣನಿಗೆ ಕಾಣಲಿಲ್ಲ. ನಾನು ತಡೆಯಲಿಲ್ಲ. ಪರದೆ ಮುಗಿಯಲಿ ಎಂದು ಬಾಗಿಲಲ್ಲೇ ನಿಂತೆ.