ನೀರು ಹೆಚ್ಚಾದ ಮೆಣಸಿನ ಸಸಿಗಳು

ಜನವರಿ ಹದಿನೆಂಟು, ಭಾನುವಾರ, ಬೆಳಗ್ಗೆ ಏಳೂಕಾಲು. ಎದುರು ಮನೆಯ ದೊಡ್ಡಮ್ಮ ಕಿಟಕಿಯ ಪಕ್ಕ ಕುಳಿತು, ಮಣ್ಣು ತುಂಬಿದ ಮೊಸರಿನ ಡಬ್ಬಿಗಳಲ್ಲಿ ಹೆಬ್ಬೆರಳಿನ ಉಗುರಿನಿಂದ ಕುಳಿ ಒತ್ತುತ್ತಿದ್ದರು. ಆ ಉಗುರು ಸೀಳಿತ್ತು. ಸೀಳಿನೊಳಗೆ ಸದಾ ಒಂದು ಗೆರೆ ಮಣ್ಣು. ಕುಳಿಗೊಂದು ಮೆಣಸಿನ ಬೀಜ. ನನ್ನ ದಿನಚರಿಯಲ್ಲಿ ಈ ವರ್ಷದ ಸಸಿ ಕೆಲಸ ಶುರುವಾದದ್ದು ಹೀಗೆ.

ಕೊಡಿಗೇನಹಳ್ಳಿಯ ನಮ್ಮ ಬೀದಿಯಲ್ಲಿ ಎಲ್ಲರ ಹಿತ್ತಿಲಿನ ಮೆಣಸಿನ ಗಿಡವೂ ಅವರು ಕೊಟ್ಟಿದ್ದೇ. ಕಾಯಿ ಗಿಡ್ಡ, ದುಂಡು, ಹಣ್ಣಾದರೆ ಕಪ್ಪುಗೆಂಪು. ಪಾವಗಡದ ನಿಡುಗಲ್ ಕಡೆಯ ತವರಿನಿಂದ ಮದುವೆಯಾಗಿ ಬಂದಾಗ ತಂದ ಬೀಜ. ಚಳಿಗೆ ಮೊಳೆಯುವುದಿಲ್ಲವೆಂದು ಬಿತ್ತುವ ಮೊದಲು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಟಿ.ವಿ.ಯ ಬಿಸಿ ಸೆಟ್‌ಟಾಪ್ ಬಾಕ್ಸ್ ಮೇಲೆ ಇಡುತ್ತಿದ್ದರು. "ನನ್ ಸೊಸೆ ಧಾರಾವಾಹಿಯಿಂದ ಆಗಿರೋ ಉಪ್ಯೋಗ ಇದೊಂದೇ ಕಣಮ್ಮ," ಎನ್ನುತ್ತಿದ್ದರು.

ಸಸಿಯನ್ನು ಎಂದೂ ಕೈಗೆ ಕೊಡುತ್ತಿರಲಿಲ್ಲ. ಹೊಸ್ತಿಲ ಮೇಲಿಟ್ಟು, "ಎತ್ಕೋ. ಮೆಣಸಿನ್ಕಾಯಿ ಕೈಗ್ ಕೊಟ್ರೆ ಜಗ್ಳಾಯ್ತದೆ," ಎನ್ನುವರು. ವರ್ಷವರ್ಷವೂ ಹೊಸ್ತಿಲಲ್ಲಿ ಸಸಿ ಸಿಗುತ್ತಿದ್ದುದರಿಂದ, ಕಾಯಿ ಮುಗಿದ ಗಿಡ ಕಿತ್ತೆಸೆದರೇ ಹೊರತು ಬೀದಿಯಲ್ಲಿ ಯಾರೂ ಬೀಜ ತೆಗೆದಿಡಲಿಲ್ಲ. ನಾವೂ ಇಡಲಿಲ್ಲ.

ದೀಪಾವಳಿಯಿಂದ ಅವರಿಗೆ ಮರೆವು ಹೆಚ್ಚಿತ್ತು. ಸಸಿಗಳು ಎರಡೆಲೆ ಬಿಟ್ಟ ವಾರ ನಾನು ಹೋದಾಗ ನೀರು ಹಾಕುತ್ತಿದ್ದರು. ಐದು ನಿಮಿಷ ಬಿಟ್ಟು ಮತ್ತೆ ಚೊಂಬು ಎತ್ತಿದರು.

"ಈಗ್ತಾನೆ ಹಾಕುದ್ರಲ್ಲ ದೊಡ್ಡಮ್ಮ," ಎಂದೆ.

"ನಾನೆಲ್ಲಿ ಹಾಕ್ದೆ ಕಣಮ್ಮ? ಬಾಯಾರ್ಕಂಡು ಕುಂತವೆ ನೋಡು."

ಸಸಿಗಳು ಬುಡದಲ್ಲಿ ದಾರದಂತೆ ಸಣ್ಣಗಾಗಿ ಒಂದೊಂದೇ ಮಲಗಿದವು. ಸತ್ತ ಜಾಗದಲ್ಲಿ ಉಳಿದ ಬೀಜ ಬಿತ್ತಿದರು. ಬೀಜವೂ ಮುಗಿಯಿತು.

"ಅತ್ತೆ ಉಯ್ದಿರೋ ನೀರ್ಗೆ ಇಷ್ಟೊತ್ಗೆ ಭತ್ತ ಬೆಳ್ಕಬೋದಿತ್ತು," ಎಂದು ನಗುತ್ತಲೇ ಸೊಸೆ ಚೊಂಬು ಬಚ್ಚಿಟ್ಟರು. ಮಾತ್ರೆಗೆಂದು ಕೊಟ್ಟ ಲೋಟದ ನೀರನ್ನು ದೊಡ್ಡಮ್ಮ ಡಬ್ಬಿಗಳಿಗೆ ಹಾಕಿ, ಮಾತ್ರೆಯನ್ನು ಒಣಬಾಯಲ್ಲಿ ನುಂಗಿದರು. ಸೊಸೆ ಆಮೇಲೆ ನಗಲಿಲ್ಲ.

ಫೆಬ್ರವರಿ ಇಪ್ಪತ್ತೆರಡರಂದು, ಉಳಿದಿದ್ದ ಹನ್ನೊಂದು ಸಸಿಗಳನ್ನು ನಮ್ಮ ಮನೆಗೆ ತಂದೆ. ದೊಡ್ಡಮ್ಮ ಖಾಲಿ ಕಿಟಕಿಯ ಮುಂದೆ ಕುಳಿತು, ಬೀದಿಯಲ್ಲಿ ಹೋಗುವವರನ್ನೆಲ್ಲ ತವರಿನ ತೆಲುಗಿನಲ್ಲಿ "ನಾ ಬಿಡ್ಡಲು ಎಕ್ಕಡ?" ಎಂದು, ನನ್ನ ಮಕ್ಕಳೆಲ್ಲಿ ಎಂದು, ಕೇಳತೊಡಗಿದರು. ಊಟ ಬಿಟ್ಟರು. ಮೂರನೆಯ ದಿನ ಡಬ್ಬಿಗಳನ್ನು ವಾಪಸ್ ತಂದಿಟ್ಟೆ. ಎಲೆಗಳನ್ನು ಮುಟ್ಟಿ ಮುಟ್ಟಿ ನೋಡಿ, "ಒಣಗ್ಸ್ಬುಟ್ಟಲ್ಲೇ ತಾಯಿ," ಎಂದರು. ಲೋಟಕ್ಕಾಗಿ ತಡಕಾಡಿದರು. ನಾನೇ ನೀರು ತುಂಬಿಸಿ ಕೊಟ್ಟೆ.

ಯುಗಾದಿಗೆ ಮೊದಲೇ ಅವರು ತೀರಿಕೊಂಡರು. ಈಗ ಎರಡು ಸಸಿ ನಮ್ಮ ಕಿಟಕಿಯಲ್ಲಿವೆ. ಬಿಸಿಲಿಗಿಟ್ಟೆ, ಬೂದಿ ಉದುರಿಸಿದೆ, ನೀರು ಹಾಕುವುದನ್ನು ನಿಲ್ಲಿಸಿದೆ. ಒಂದರ ಬುಡ ನಿನ್ನೆಯಿಂದ ಸಣ್ಣಗಾಗುತ್ತಿದೆ. ಪಾವಗಡದ ಕಡೆ ಯಾರ ಮನೆಯಲ್ಲಾದರೂ ಈ ಗಿಡ್ಡ ದುಂಡು ಕಾಯಿ ಉಳಿದಿದ್ದರೆ, ಇಲ್ಲವೇ ಬುಡ ಕೊಳೆಯುತ್ತಿರುವ ಸಸಿಯನ್ನು ಉಳಿಸುವ ದಾರಿ ಗೊತ್ತಿದ್ದರೆ, ದಯವಿಟ್ಟು ಬರೆದು ತಿಳಿಸಿ. ಇನ್ನೊಂದು ಸಸಿ ಇವತ್ತು ಬೆಳಗಿನವರೆಗೂ ನೆಟ್ಟಗೆ ನಿಂತಿದೆ.